ಹಿಂದೆ ಕೂತವರು ಯಾರು?

ನವನಗರದ ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಒಂದು ಮುಂಜಾನೆ ಬಚ್ಚಲಮನೆಯಲ್ಲಿ ಕುಸಿದುಬಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಮಾತಿಲ್ಲ. ಯಾರೋ ಫೋನ್ ಮಾಡಿ ಖಾಸಗಿ ಆಂಬ್ಯುಲೆನ್ಸ್ ಕರೆಸಿದರು. ಹತ್ತು ನಿಮಿಷದೊಳಗೆ ಗಾಡಿ ಬಾಗಿಲಲ್ಲಿತ್ತು. ಚಾಲಕ ಒಬ್ಬನೇ ಬಂದಿದ್ದ. ನಾವೇ ನಾಲ್ಕು ಜನ ಬೆಡ್‌ಶೀಟಿನಲ್ಲಿ ಎತ್ತಿ ಮಲಗಿಸಿದೆವು. ಕಾಕಾನ ಹೆಂಡತಿ ಕಾಕು ಮತ್ತು ನಾನು ಹಿಂದೆ ಹತ್ತಿದೆವು, ಬಾಗಿಲು ಹಾಕಿಕೊಂಡಿತು, ಸೈರನ್ ಶುರುವಾಯಿತು.

ಬೈರಿದೇವರಕೊಪ್ಪ ದಾಟುವಷ್ಟರಲ್ಲಿ ಕಾಕಾನ ಗಂಟಲಿನಿಂದ ಗೊರಗೊರ ಸದ್ದು ಬರತೊಡಗಿತು. ಕಾಕು ನನ್ನ ತೋಳು ಹಿಡಿದು, "ತಮ್ಮಾ, ಗಂಟಲಾಗ ಏನೋ ಸಿಕ್ಕೈತಿ ನೋಡಪಾ, ಏನರ ಮಾಡು" ಅಂದರು. ತಲೆಯ ಬಳಿ ಆಮ್ಲಜನಕದ ಸಿಲಿಂಡರ್ ಇತ್ತು, ಮಾಸ್ಕೂ ಇತ್ತು. ಅದನ್ನು ತೆಗೆಯುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಚಾಲಕನನ್ನು ಕೂಗಿ ಕೇಳಿದೆ. "ಕೀ ಅಲ್ಲೇ ಎಲ್ಲೋ ಇರತೈತ್ರಿ ಸರ್ರ" ಎಂದ. ಅವನ ಕಣ್ಣು ರಸ್ತೆಯ ಮೇಲಿತ್ತು, ಇರಬೇಕಾದದ್ದೂ ಅಲ್ಲೇ. ಉಣಕಲ್ ಕೆರೆ ಬಂತು, ಹೋಯಿತು. ಕಾಕಾನ ತುಟಿ ನೀಲಿಗಟ್ಟುತ್ತಿತ್ತು. ನಾನು ಅವರ ಕೈ ತಿಕ್ಕುತ್ತ ಕೂತಿದ್ದೆ, ಬೇರೇನೂ ಮಾಡಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ನರ್ಸ್ ಬಂದರು. ಇಪ್ಪತ್ತೈದರ ಹುಡುಗಿ ಇರಬೇಕು. ಕಾಕಾನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಎರಡು ಬೆರಳಿನಿಂದ ದವಡೆಯನ್ನು ಮುಂದಕ್ಕೆ ತಳ್ಳಿ, ಬಾಯೊಳಗೆ ನಳಿಕೆ ಇಟ್ಟು ಜೊಲ್ಲೆಲ್ಲ ಎಳೆದು ತೆಗೆದರು. ಗೊರಗೊರ ನಿಂತಿತು. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷದ ಕೆಲಸ ಅಷ್ಟೂ ಹೊತ್ತು ಗಾಡಿಯಲ್ಲಿ ನಡೆದಿರಲಿಲ್ಲ.

ಕಾಕಾ ಐದನೆಯ ದಿನ ತೀರಿಕೊಂಡರು. ದಾರಿಯಲ್ಲಿ ಆ ಕೆಲಸ ಆಗಿದ್ದರೆ ಉಳಿಯುತ್ತಿದ್ದರೆಂದು ಹೇಳಲು ನಾನು ವೈದ್ಯನಲ್ಲ. ಆದರೆ ಮಣ್ಣಿಗೆ ಬಂದವರೆಲ್ಲ ಹೇಳಿದ ಒಂದು ಮಾತು ಇವತ್ತಿಗೂ ನನ್ನನ್ನು ಕೊರೆಯುತ್ತದೆ: "ಗಾಡಿ ಏನೋ ಲಗೂ ಬಂತ್ರಿ, ಅವರ ಆಯುಷ್ಯ ಅಷ್ಟ ಇತ್ತು."

ಗಾಡಿ ಲಗೂ ಬರಬೇಕು, ಲಗೂ ಮುಟ್ಟಿಸಬೇಕು. ತುರ್ತು ಚಿಕಿತ್ಸೆಯ ಬಗ್ಗೆ ನಮ್ಮ ನಾಡಿನಲ್ಲಿ ಚಹಾದಂಗಡಿಯಿಂದ ವಿಧಾನಸೌಧದವರೆಗೆ ಇರುವ ತಿಳಿವಳಿಕೆ ಇಷ್ಟೇ. ಇದು ತಪ್ಪು ತಿಳಿವಳಿಕೆ. ಈ ತಪ್ಪಿನ ಮೇಲೆಯೇ ನಮ್ಮ ಸರ್ಕಾರಗಳು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನೀತಿ ಕಟ್ಟುತ್ತ ಬಂದಿವೆ, ಮತ್ತು ಇದರಿಂದ ಜನ ಸಾಯುತ್ತಿದ್ದಾರೆ ಎಂಬುದು ನನ್ನ ಆರೋಪ.

ವೇಗ ಬೇಡವೆಂದು ಯಾರೂ ಹೇಳಲಾರರು. ಮಳೆಗಾಲದಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ತುಂಬಿ ನವಲಗುಂದ, ಕುಂದಗೋಳದ ಹಳ್ಳಿಗಳ ದಾರಿ ಕಡಿದುಹೋಗುವುದನ್ನು ನೋಡಿದವರಿಗೆ, ಎರಿ ಮಣ್ಣಿನಲ್ಲಿ ಗಾಲಿ ಹೂತು ನಿಂತ ಗಾಡಿಯನ್ನು ನೋಡಿದವರಿಗೆ ದೂರದ ಕಷ್ಟ ಗೊತ್ತು. ಕಲಘಟಗಿಯಿಂದ ಹುಬ್ಬಳ್ಳಿಗೆ ಮೂವತ್ತು ಕಿಲೋಮೀಟರ್. ಯಲ್ಲಾಪುರ, ಶಿರಸಿ ಕಡೆಯ ರೋಗಿಗಳೂ, ಘಟ್ಟ ಹತ್ತಿ ಅಂಕೋಲಾ ಕಡೆಯವರೂ ಇಲ್ಲಿಗೇ ಬರಬೇಕು. ಗದಗ, ಹಾವೇರಿ, ಕೊಪ್ಪಳಗಳಿಗೂ ವಿದ್ಯಾನಗರದ ಕಿಮ್ಸೇ ಕೊನೆಯ ಆಸರೆ. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜ್ ಆಗಿ ಹುಟ್ಟಿದ ಆ ಸಂಸ್ಥೆ ಈಗ ಕಾಗದದ ಮೇಲೆ ಕೆಎಂಸಿಆರ್‌ಐ ಆಗಿದೆ, ಊರವರ ಬಾಯಲ್ಲಿ ಮಾತ್ರ ಇನ್ನೂ ಕಿಮ್ಸ್. ದಾರಿ ಉದ್ದವಿದೆ ಅನ್ನುವುದೇ ನನ್ನ ವಾದಕ್ಕೆ ಆಧಾರ. ಮಿದುಳಿಗೆ ಆಮ್ಲಜನಕ ಹೋಗದಿದ್ದರೆ ನಾಲ್ಕರಿಂದ ಆರು ನಿಮಿಷದಲ್ಲಿ ಹಾನಿ ಶುರುವಾಗುತ್ತದೆ. ಕಲಘಟಗಿಯಿಂದ ಹುಬ್ಬಳ್ಳಿಗೆ ಆರು ನಿಮಿಷದಲ್ಲಿ ಮುಟ್ಟಿಸುವ ಚಾಲಕ ಯಾವ ಊರಲ್ಲೂ ಹುಟ್ಟಿಲ್ಲ. ಹಾಗಾದರೆ ಆ ಮೂವತ್ತು ಕಿಲೋಮೀಟರಿನಲ್ಲಿ ಉಸಿರು ಕಾಯುವವರು ಯಾರು?

2020ರ ಫೆಬ್ರುವರಿಯಲ್ಲಿ ನಲವತ್ತು ದಿನದ ಕೂಸೊಂದನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಝೀರೋ ಟ್ರಾಫಿಕ್‌ನಲ್ಲಿ ಒಯ್ದದ್ದು ನೆನಪಿರಬೇಕು. ಸುಮಾರು ನಾಲ್ಕೂವರೆ ತಾಸು. ದಾರಿಯುದ್ದಕ್ಕೂ ಜನ ನಿಂತಿದ್ದರು, ಟಿವಿಯಲ್ಲಿ ನೇರ ಪ್ರಸಾರವಾಯಿತು, ಚಾಲಕ ಹನೀಫ್ ನಾಡಿಗೇ ಪರಿಚಿತರಾದರು. ಆ ಮೆಚ್ಚುಗೆ ಅವರಿಗೆ ಸಲ್ಲಬೇಕಾದದ್ದೇ, ನಾನೂ ಅವತ್ತು ಕಣ್ಣೊರೆಸಿಕೊಂಡವನು. ಆದರೆ ಆ ನಾಲ್ಕೂವರೆ ತಾಸು ಕೂಸಿನ ಉಸಿರು, ನಾಡಿ ನೋಡಿಕೊಂಡವರು ಯಾರು ಎಂಬುದು ಯಾರಿಗೆ ನೆನಪಿದೆ? ಅದಾದಮೇಲೆ ಝೀರೋ ಟ್ರಾಫಿಕ್ ನಮ್ಮಲ್ಲಿ ಹಬ್ಬದಂತೆ ಆಗಿಬಿಟ್ಟಿದೆ. ಪೊಲೀಸರು ಸರ್ಕಲ್ ಸರ್ಕಲ್‌ನಲ್ಲಿ ನಿಲ್ಲುತ್ತಾರೆ, ಹುಡುಗರು ಬೈಕಿನಲ್ಲಿ ಮುಂದೆ ಓಡುತ್ತಾರೆ, ಮೊಬೈಲುಗಳು ಮೇಲೇಳುತ್ತವೆ. ಗಾಡಿಯ ಒಳಗೆ ಏನು ನಡೆಯುತ್ತಿದೆಯೆಂದು ಯಾರೂ ಕೇಳುವುದಿಲ್ಲ.

ವೇಗವನ್ನೇ ದೇವರು ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ 2022ರ ಜುಲೈ 20ರ ಸಂಜೆ ಸಾಕ್ಷಿ. ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬ್ಯುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಳೆಯ ನೀರಿಗೆ ಜಾರಿ ಗಿರಗಿರನೆ ತಿರುಗಿ ಅಪ್ಪಳಿಸಿತು. ನಾಲ್ವರು ಸತ್ತರು. ರೋಗಿಯೂ ಉಳಿಯಲಿಲ್ಲ. ಆ ಸಿಸಿಟಿವಿ ದೃಶ್ಯವನ್ನು ಇಡೀ ದೇಶ ನೋಡಿತು. ಉತ್ತರ ಕನ್ನಡಕ್ಕೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಮತ್ತೆ ಎದ್ದಿತು, ಅದು ನ್ಯಾಯವಾದ ಕೂಗು. ಆದರೆ ದಾರಿಯಲ್ಲಿಯೇ ರೋಗಿಯನ್ನು ಒಂದು ಹದಕ್ಕೆ ತಂದು ನಿಲ್ಲಿಸಬಲ್ಲವರು ಪ್ರತಿ ಗಾಡಿಯಲ್ಲೂ ಇದ್ದರೆ ಚಾಲಕರ ಮೇಲೆ ಹೀಗೆ ಜೀವ ಬಿಟ್ಟು ಓಡಿಸುವ ಒತ್ತಡ ಬೀಳುವುದಿಲ್ಲ ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ಸರ್ಕಾರದ ಕಡೆ ನೋಡೋಣ. 2008ರ ರಾಜ್ಯೋತ್ಸವದ ದಿನ ಆರೋಗ್ಯ ಕವಚ 108 ಶುರುವಾಯಿತು. ಬಡವರ ಮನೆ ಬಾಗಿಲಿಗೆ ಬಿಟ್ಟಿ ಆಂಬ್ಯುಲೆನ್ಸ್ ಬಂದದ್ದು ದೊಡ್ಡ ಸಂಗತಿ, ಅದನ್ನು ಹೀಗಳೆಯುವವನು ನಾನಲ್ಲ. ಹೊಲದ ಬದುವಿನ ಮೇಲೆ ಹೆರಿಗೆಯಾಗಬೇಕಿದ್ದ ಎಷ್ಟೋ ತಾಯಂದಿರನ್ನು ಆ ಗಾಡಿಗಳು ಉಳಿಸಿವೆ. 2015ರಲ್ಲಿ ಬೈಕ್ ಆಂಬ್ಯುಲೆನ್ಸ್ ಬಂದವು. 2023ರ ನವೆಂಬರ್ ಕೊನೆಯಲ್ಲಿ ಮುಖ್ಯಮಂತ್ರಿಗಳು ಒಮ್ಮೆಲೇ 262 ಹೊಸ ಗಾಡಿಗಳಿಗೆ ಹಸಿರು ಬಾವುಟ ತೋರಿಸಿದರು. ಪ್ರತಿ ಸಲವೂ ಲೆಕ್ಕ ಗಾಡಿಯದ್ದು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾನದಂಡವೂ ಹಾಗೇ ಇದೆ: ಒಂದು ಲಕ್ಷ ಜನಕ್ಕೊಂದು ಬೇಸಿಕ್ ಆಂಬ್ಯುಲೆನ್ಸ್, ಐದು ಲಕ್ಷಕ್ಕೊಂದು ಅಡ್ವಾನ್ಸ್ಡ್. ಧಾರವಾಡ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲೇ 18.47 ಲಕ್ಷ. ಆ ಲೆಕ್ಕಕ್ಕೆ ಹದಿನೆಂಟು ಗಾಡಿ, ಮೇಲೆ ನಾಲ್ಕು ದೊಡ್ಡ ಗಾಡಿ ಬಂದರೆ ಜಿಲ್ಲೆ ಪಾಸಾದಂತೆ. ಅವುಗಳಲ್ಲಿ ಕೂರುವವರು ಏನು ಕಲಿತಿರಬೇಕು, ಎಷ್ಟು ವರ್ಷ ಕೆಲಸದಲ್ಲಿ ಉಳಿಯಬೇಕು ಎಂಬುದಕ್ಕೆ ಆ ಲೆಕ್ಕದಲ್ಲಿ ಮನೆಯೇ ಇಲ್ಲ.

ಗಾಡಿಗೆ ಎಷ್ಟು ಮರ್ಯಾದೆ ಇದೆ ನೋಡಿ. ಆಂಬ್ಯುಲೆನ್ಸ್ ಹೇಗಿರಬೇಕೆಂದು ಕೇಂದ್ರ ಸರ್ಕಾರ ಎಐಎಸ್ 125 ಎಂಬ ಸಂಹಿತೆಯನ್ನೇ ಮಾಡಿದೆ. ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ. ಬಣ್ಣ, ದೀಪ, ಸೈರನ್, ಒಳಗಿನ ಅಳತೆ, ಎಲ್ಲಕ್ಕೂ ನಿಯಮ. ಇನ್ನು ರಸ್ತೆಯಲ್ಲಿ ಬಿದ್ದವರಿಗೆ ನೆರವಾಗುವ ದಾರಿಹೋಕರನ್ನು ಕಾಯಲು ಕರ್ನಾಟಕ 2016ರಲ್ಲಿಯೇ ಕಾನೂನು ತಂದಿತು. ಅದೇ ವರ್ಷ, ಬೆಂಗಳೂರಿನ ಬಳಿ ಅಪಘಾತದಲ್ಲಿ ಮಡಿಯುವಾಗಲೂ ಅಂಗದಾನದ ಮಾತಾಡಿದ ಯುವಕನ ನೆನಪಿನಲ್ಲಿ ಸಾಂತ್ವನ ಹರೀಶ್ ಯೋಜನೆ ಬಂತು, ಮೊದಲ 48 ತಾಸಿನ ಚಿಕಿತ್ಸೆಗೆ 25,000 ರೂಪಾಯಿಯವರೆಗೆ ಸರ್ಕಾರವೇ ಕೊಡುವುದೆಂದು. 2025ರ ಮೇ ತಿಂಗಳಲ್ಲಿ ಕೇಂದ್ರವೂ ಅಪಘಾತಕ್ಕೊಳಗಾದವರಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ ಘೋಷಿಸಿತು. ದಾರಿಹೋಕರಿಗೆ ರಕ್ಷಣೆ ಸಿಕ್ಕಿತು, ಗಾಡಿಗೆ ನಿಯಮ ಸಿಕ್ಕಿತು, ಆಸ್ಪತ್ರೆಯ ಬಿಲ್ಲಿಗೆ ಹಣ ಸಿಕ್ಕಿತು. ದಾರಿಹೋಕರ ಕೈಯಿಂದ ಆಸ್ಪತ್ರೆಯ ಬಾಗಿಲವರೆಗೆ ಜೀವ ಹಿಡಿದಿಡಬೇಕಾದವರು ಮಾತ್ರ ಇವತ್ತಿಗೂ ಹೊರಗುತ್ತಿಗೆಯ ಆಳು.

ನೀತಿ ಆಯೋಗಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಅಧ್ಯಯನ 2021ರಲ್ಲಿ ಹೊರಬಂತು. ದೇಶದಾದ್ಯಂತ ಅವರು ನೋಡಿದ ಆಸ್ಪತ್ರೆಗಳಲ್ಲಿ ಶೇ. 91ರಲ್ಲಿ ಸ್ವಂತ ಆಂಬ್ಯುಲೆನ್ಸ್ ಇತ್ತು, ಅದರ ಜತೆ ಹೋಗಲು ತರಬೇತಾದ ಪ್ಯಾರಾಮೆಡಿಕ್ ಇದ್ದದ್ದು ಶೇ. 34ರಲ್ಲಿ. ಈ ಎರಡು ಸಂಖ್ಯೆಗಳ ನಡುವಿನ ಹಳ್ಳದಲ್ಲಿಯೇ ನಮ್ಮ ಕಾಕಾನಂಥವರು ಮುಳುಗುತ್ತಾರೆ.

ಗಾಡಿಯ ಹಿಂದೆ ಕೂತು ಜೀವ ಕಾಯುವ ಈ ಕೆಲಸಕ್ಕೆ ನಮ್ಮಲ್ಲಿ ಸರಿಯಾದ ಒಂದು ಹೆಸರೂ ಇಲ್ಲ. ಹುಬ್ಬಳ್ಳಿ ಧಾರವಾಡದ ನಡುವೆ ಬಸ್ಸಿನಲ್ಲಿ ಹೋದರೆ 'ಪ್ಯಾರಾಮೆಡಿಕಲ್' ಎಂಬ ಬೋರ್ಡುಗಳು ಕಾಣುತ್ತವೆ. ಒಳಗೆ ಕಲಿಸುವುದು ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ, ಆಪರೇಷನ್ ಥಿಯೇಟರ್ ಕೆಲಸ. ಎಲ್ಲವೂ ಬೇಕಾದವೇ. ಆದರೆ ಜಗತ್ತು ಪ್ಯಾರಾಮೆಡಿಕ್ ಎಂದು ಯಾರನ್ನು ಕರೆಯುತ್ತದೋ ಅವರು ಈ ಬೋರ್ಡುಗಳ ಹಿಂದೆ ಸಿಗುವುದು ಅಪರೂಪ. 108ರಲ್ಲಿ ಅವರನ್ನು ಇಎಂಟಿ (ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್) ಅನ್ನುತ್ತಾರೆ, ಚಾಲಕರನ್ನು ಪೈಲಟ್ ಅನ್ನುತ್ತಾರೆ. ಜನ ಇಬ್ಬರಿಗೂ "ಆಂಬ್ಯುಲೆನ್ಸ್‌ದಾಂವ" ಅಂದುಬಿಡುತ್ತಾರೆ. 2021ರಲ್ಲಿ ಸಂಸತ್ತು ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಕಾಯ್ದೆ ಮಾಡಿತು. ಅದರ ಅನುಸೂಚಿಯಲ್ಲಿ ತುರ್ತು ವೈದ್ಯಕೀಯ ತಂತ್ರಜ್ಞರ ಹೆಸರೂ ಇದೆ. ಕಾಯ್ದೆಯಲ್ಲಿ ಹೆಸರು ಬಂದರೆ ಗಾಡಿಯಲ್ಲಿ ಮನುಷ್ಯ ಬಂದು ಕೂತ ಹಾಗಾಗುವುದಿಲ್ಲ.

ಆ ಕೆಲಸ ಎಂಥದ್ದೆಂದು ಓದುಗರಿಗೆ ಗೊತ್ತಿರಲಿ. ಕುಂದಗೋಳದ ದಾರಿಯಲ್ಲಿ ರಾತ್ರಿ ಟ್ರ್ಯಾಕ್ಟರ್ ಟ್ರಾಲಿ ಮಗುಚಿದೆ ಅನ್ನಿ. ಬೆಳಕಿಲ್ಲ, ಸುತ್ತ ಐವತ್ತು ಜನ ಕೂಗಾಡುತ್ತಿದ್ದಾರೆ, ಕೆಳಗೆ ಮೂವರು ಬಿದ್ದಿದ್ದಾರೆ. ಕೂಗುತ್ತಿರುವವನಿಗೆ ಉಸಿರಿದೆ ಎಂದರ್ಥ, ಸುಮ್ಮನಾದವನನ್ನು ಮೊದಲು ನೋಡಬೇಕು. ತೊಡೆಯಿಂದ ರಕ್ತ ಚಿಮ್ಮುತ್ತಿದ್ದರೆ ಗಾಯದ ಮೇಲ್ಭಾಗಕ್ಕೆ ಪಟ್ಟಿ ಬಿಗಿದು, ಬಿಗಿದ ಹೊತ್ತನ್ನು ಬರೆಯಬೇಕು. ಕತ್ತು ಅಲುಗದಂತೆ ಕಾಲರ್ ಹಾಕಿ, ಹಲಗೆಯ ಮೇಲೆ ಮೈಯನ್ನು ಒಂದೇ ಸಲಕ್ಕೆ ಹೊರಳಿಸಬೇಕು. ಇಲ್ಲದಿದ್ದರೆ ಬದುಕಿದವನು ಜೀವನಪೂರ್ತಿ ಹಾಸಿಗೆ ಹಿಡಿಯಬಹುದು. ಇದೆಲ್ಲ ಮಾಡುತ್ತಲೇ ಫೋನಿನಲ್ಲಿರುವ ವೈದ್ಯರಿಗೆ ವರದಿ ಹೇಳಬೇಕು, ಸಂಬಂಧಿಕರ ಬೈಗುಳ ಕೇಳಬೇಕು.

"108ರಲ್ಲಿ ನರ್ಸಿಂಗ್ ಓದಿದವರೇ ಇರ್ತಾರಲ್ಲ, ಮತ್ತೇನು ಬೇಕು?" ಎನ್ನುವವರಿದ್ದಾರೆ. ನರ್ಸಿಂಗ್ ಓದಿದವರು ವಾರ್ಡಿನಲ್ಲಿ ಪಳಗಿದವರು. ಅಲ್ಲಿ ಮಂಚವಿದೆ, ದೀಪವಿದೆ, ಕರೆದರೆ ಬರುವ ಡಾಕ್ಟರಿದ್ದಾರೆ. ರಸ್ತೆಯ ಮೇಲಿನ ಕೆಲಸ ಬೇರೆ ವಿದ್ಯೆ. ಕೆಲವು ವಾರಗಳ ತರಬೇತಿಯಿಂದ ಅದರ ತಳಪಾಯ ಬೀಳಬಹುದು, ಮನೆ ಏಳುವುದಿಲ್ಲ. ಅಷ್ಟಿಷ್ಟು ಅನುಭವ ಬರುವಷ್ಟರಲ್ಲಿ ಅವರು ಬಿಟ್ಟು ಹೋಗುತ್ತಾರೆ. ಹೋಗದೆ ಏನು ಮಾಡಿಯಾರು? ಹನ್ನೆರಡು ತಾಸಿನ ಪಾಳಿ, ವರ್ಷ ಕಳೆದರೂ ಗುತ್ತಿಗೆ, ಮೇಲೇರಲು ಮೆಟ್ಟಿಲಿಲ್ಲ. ತಿಂಗಳುಗಟ್ಟಲೆ ಸಂಬಳ ಬಾರದೆ 108ರ ನೌಕರರು ಮುಷ್ಕರದ ಮಾತಾಡಿದ್ದು ಒಂದು ಸಲವಲ್ಲ. ಇನ್ನೊಬ್ಬರ ಎದೆಬಡಿತ ಕಾಯುವವನು ತನ್ನ ಮನೆಯ ಬಾಡಿಗೆಯ ಚಿಂತೆಯಲ್ಲಿದ್ದರೆ ಅದು ಅವನೊಬ್ಬನ ಸಂಕಟವಾಗಿ ಉಳಿಯುವುದಿಲ್ಲ.

ಪತ್ರಿಕೆಗಳಲ್ಲಿ ನಡೆಯುವ ಚರ್ಚೆ ಬೇರೆಯೇ ಇದೆ. 108ನ್ನು ಯಾರು ನಡೆಸಬೇಕು, ಖಾಸಗಿ ಕಂಪನಿಯೋ ಸರ್ಕಾರವೋ? 2017ರಲ್ಲಿ 108ನ್ನು ನಡೆಸುತ್ತಿದ್ದ ಖಾಸಗಿ ಸಂಸ್ಥೆಯೊಂದಿಗಿನ ಒಪ್ಪಂದ ರದ್ದುಮಾಡಲು ಸರ್ಕಾರ ಹೊರಟಿತು, ಆದರೂ ಅದೇ ಸಂಸ್ಥೆ ವರ್ಷಾನುಗಟ್ಟಲೆ ಮುಂದುವರಿಯಿತು. 2022ರ ಸೆಪ್ಟೆಂಬರ್‌ನಲ್ಲಿ ಕರೆ ಕೇಂದ್ರದ ಯಂತ್ರಗಳೇ ಕೈಕೊಟ್ಟು ರಾಜ್ಯವಿಡೀ ಪರದಾಡಿತು. ಈಗ ಸರ್ಕಾರವೇ ನಡೆಸುವ ಮಾತು ಬಂದಿದೆ. ಸರ್ಕಾರ ನಡೆಸುವುದು ಒಳ್ಳೆಯದೆಂದೇ ನಾನು ನಂಬುತ್ತೇನೆ. ಆದರೆ ಮಾಲೀಕರ ಹೆಸರು ಬದಲಾಗಿ, ಹಿಂದೆ ಕೂತವನು ಗುತ್ತಿಗೆಯಲ್ಲೇ ಉಳಿದರೆ ರೋಗಿಗೆ ಸಿಗುವುದು ಬಾಗಿಲ ಮೇಲೆ ಬೇರೆ ಅಕ್ಷರ, ಅಷ್ಟೇ. ಅಲ್ಲದೆ ನಮ್ಮ ರಸ್ತೆಗಳಲ್ಲಿ 108 ಒಂದೇ ಇಲ್ಲ. ಹೆದ್ದಾರಿಯಲ್ಲಿ 1033ಕ್ಕೆ ಬರುವ ಗಾಡಿ ಬೇರೆ, ಆಸ್ಪತ್ರೆಗಳ ಎದುರು ಸಾಲಾಗಿ ನಿಂತ ಖಾಸಗಿ ಗಾಡಿಗಳು ಬೇರೆ. ಯಾವುದರ ಹಿಂದೆ ಯಾರಿರುತ್ತಾರೆ ಎಂಬುದು ಹತ್ತಿದ ಮೇಲೆಯೇ ಗೊತ್ತಾಗುತ್ತದೆ.

2021ರ ಜನವರಿ 15ರ ಮುಂಜಾವು ಹುಬ್ಬಳ್ಳಿ ಧಾರವಾಡ ಬೈಪಾಸಿನ ಇಟಿಗಟ್ಟಿ ಬಳಿ ದಾವಣಗೆರೆಯ ಗೆಳತಿಯರ ಟೆಂಪೊ ಟ್ರಾವೆಲರ್ ಟಿಪ್ಪರಿಗೆ ಅಪ್ಪಳಿಸಿ ಹತ್ತಕ್ಕೂ ಹೆಚ್ಚು ಜನ ಹೋದರು. ಆಗ ಇಡೀ ಊರು ರಸ್ತೆ ಅಗಲವಾಗಬೇಕೆಂದು ಎದ್ದು ನಿಂತಿತು. ನಿಲ್ಲಲೇಬೇಕಿತ್ತು, ಆ ಎರಡು ಪಥದ ದಾರಿ ಎಷ್ಟೋ ಮನೆಗಳ ದೀಪ ಆರಿಸಿತ್ತು. ಮರುವರ್ಷವೇ ಷಟ್ಪಥಕ್ಕೆ ಶಂಕುಸ್ಥಾಪನೆಯೂ ಆಯಿತು. ಅದಕ್ಕೂ ಮುಂಚೆ, 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು 19 ಜನ ಸತ್ತಾಗ ದಿನಗಟ್ಟಲೆ ಆ ಅವಶೇಷಗಳ ಮುಂದೆ ಆಂಬ್ಯುಲೆನ್ಸ್‌ಗಳು ಸಾಲಾಗಿ ನಿಂತದ್ದನ್ನು ನೋಡಿದ್ದೇವೆ. ಎರಡೂ ದುರಂತಗಳ ನಂತರ ನಾವು ಕಟ್ಟಡದ ಪರವಾನಗಿಯ ಬಗ್ಗೆ, ರಸ್ತೆಯ ಅಗಲದ ಬಗ್ಗೆ ಮಾತಾಡಿದೆವು. ಮೊದಲ ಕೈ ಯಾರದ್ದು, ಅದಕ್ಕೆ ಏನು ಗೊತ್ತಿತ್ತು ಎಂದು ಕೇಳಲಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇವರಲ್ಲಿ ಎಲ್ಲರೂ ಬಿದ್ದ ಜಾಗದಲ್ಲೇ ಸತ್ತವರಲ್ಲ.

"ಇದೆಲ್ಲ ಅಮೆರಿಕದಂಥ ಶ್ರೀಮಂತ ದೇಶಕ್ಕೆ ಸರಿ" ಎನ್ನುವವರಿಗೆ ಒಂದು ಕಥೆ ಹೇಳುತ್ತೇನೆ. 1960ರ ದಶಕದಲ್ಲಿ ಅಮೆರಿಕದ ಎಷ್ಟೋ ಊರುಗಳಲ್ಲಿ ರೋಗಿಗಳನ್ನು ಒಯ್ಯುತ್ತಿದ್ದದ್ದು ಶವ ಸಾಗಿಸುವವರ ಗಾಡಿ, ಇಲ್ಲವೇ ಪೊಲೀಸ್ ವ್ಯಾನು. ಅಲ್ಲೂ ವೇಗವೇ ಎಲ್ಲ. ಪಿಟ್ಸ್‌ಬರ್ಗ್‌ನ ವೈದ್ಯ ಪೀಟರ್ ಸಫರ್, ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುವ ವಿಧಾನವನ್ನು ಜಗತ್ತಿಗೆ ಕಲಿಸಿದವರಲ್ಲಿ ಒಬ್ಬರು, 1966ರಲ್ಲಿ ತಮ್ಮ ಮಗಳನ್ನೇ ಆಸ್ತಮಾದಿಂದ ಕಳೆದುಕೊಂಡರು. ಮರುವರ್ಷ ಫ್ರೀಡಂ ಹೌಸ್ ಎಂಬ ಸಂಸ್ಥೆಯೊಡನೆ ಸೇರಿ, ಊರಿನ ಬಡ ಬಡಾವಣೆಯ ಕರಿಯ ತರುಣರನ್ನು ಆಯ್ದುಕೊಂಡರು. ಹಲವರಿಗೆ ಕೆಲಸವೇ ಇರಲಿಲ್ಲ, ಕೆಲವರು ಶಾಲೆಯನ್ನೂ ಮುಗಿಸಿರಲಿಲ್ಲ. ಸುಮಾರು 300 ಗಂಟೆಗಳ ಪಾಠ, ಅಭ್ಯಾಸ. ಜಗತ್ತಿನ ಮೊದಲ ಪ್ಯಾರಾಮೆಡಿಕ್‌ಗಳ ಸಾಲಿಗೆ ಇವತ್ತು ಅವರ ಹೆಸರು ಸೇರುತ್ತದೆ. ಅವರನ್ನು ಮಾಡಿದ್ದು ಸಿರಿತನವಲ್ಲ. ಕಲಿಸಿದರೆ ಈ ಹುಡುಗರು ಮಾಡಬಲ್ಲರು ಎಂದು ಒಬ್ಬ ವೈದ್ಯ ನಂಬಿದ್ದರು. ಬೆಲ್‌ಫಾಸ್ಟ್‌ನಲ್ಲಿ ಡಾ. ಫ್ರಾಂಕ್ ಪ್ಯಾಂಟ್ರಿಜ್ ಎದೆಗೆ ವಿದ್ಯುತ್ ಕೊಡುವ ಸುಮಾರು 70 ಕಿಲೋ ತೂಕದ ಯಂತ್ರವನ್ನು ಕಾರಿನ ಬ್ಯಾಟರಿಗಳಿಂದ ನಡೆಸಿ ಆಂಬ್ಯುಲೆನ್ಸ್‌ಗೆ ಏರಿಸಿದ್ದೂ ಅದೇ ಕಾಲದಲ್ಲಿ. ಆಸ್ಪತ್ರೆ ರೋಗಿಯ ಬಳಿಗೆ ಹೋಗಬೇಕು ಎಂಬ ಆ ಯೋಚನೆಗೆ ಆರು ದಶಕವಾಗುತ್ತ ಬಂತು.

ನಮ್ಮಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ನಡೆಯುತ್ತಿದೆ. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಬಿಟ್ಟಿಯಾಗಿ ಕೊಡುತ್ತಾರೆ. ಈಚಿನ ವರ್ಷಗಳಲ್ಲಿ ಆರೋಗ್ಯ ಇಲಾಖೆ ಮಾಡಿದ ಅತಿ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು. ಆದರೆ ಪುನೀತ್ ಅವರೇ ಹೃದಯಾಘಾತವಾದ 2021ರ ಅಕ್ಟೋಬರ್ 29ರಂದು ಕುಟುಂಬ ವೈದ್ಯರ ಕ್ಲಿನಿಕ್ಕಿನಿಂದ ದೊಡ್ಡ ಆಸ್ಪತ್ರೆಗೆ ಹೋದದ್ದು ಕಾರಿನಲ್ಲಿ. ರಾಜಧಾನಿಯ ಮಧ್ಯದಲ್ಲಿ, ನಾಡಿನ ಅಷ್ಟು ದೊಡ್ಡ ನಟನಿಗೂ ಮನಸ್ಸಿಗೆ ಬಂದ ಮೊದಲ ದಾರಿ ಅದೇ. ಅವತ್ತು ಯಾರ ತಪ್ಪೂ ಇರಲಿಲ್ಲ. ಆಂಬ್ಯುಲೆನ್ಸ್ ಎಂದರೆ ಬರಿಯ ಗಾಡಿ ಎಂದು ನಾವೆಲ್ಲ ನಂಬಿರುವಾಗ, ಸ್ವಂತ ಗಾಡಿ ಇದ್ದವರು ಅದಕ್ಕಾಗಿ ಕಾಯುವುದಾದರೂ ಏಕೆ?

ಹಣವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗಾಡಿ ಕೆಲವು ವರ್ಷ ಓಡಿ ಗುಜರಿಗೆ ಹೋಗುತ್ತದೆ, ಮತ್ತೆ ಟೆಂಡರ್, ಮತ್ತೆ ಬಾವುಟ. ಒಬ್ಬ ಮನುಷ್ಯನಿಗೆ ಕಲಿಸಿದ ವಿದ್ಯೆ ಮೂವತ್ತು ವರ್ಷ ಈ ಜಿಲ್ಲೆಯಲ್ಲೇ ಇರುತ್ತದೆ. ಹಳೇ ಹುಬ್ಬಳ್ಳಿಯಲ್ಲಿ, ಮದಿಹಾಳದಲ್ಲಿ, ಅಣ್ಣಿಗೇರಿ ಅಳ್ನಾವರದ ಹಳ್ಳಿಗಳಲ್ಲಿ ಪಿಯುಸಿ ಸೈನ್ಸ್ ಮುಗಿಸಿ ಕೆಲಸಕ್ಕೆ ಅಲೆಯುತ್ತಿರುವ ಹುಡುಗ ಹುಡುಗಿಯರಿದ್ದಾರೆ. ವಿದ್ಯಾನಗರದಲ್ಲಿ ಸರ್ಕಾರದ್ದೇ ವೈದ್ಯಕೀಯ ಕಾಲೇಜಿದೆ, ಸುತ್ತಲ ಜಿಲ್ಲೆಗಳ ಅಪಘಾತದ ರೋಗಿಗಳು ಬಂದು ಬೀಳುವ ತುರ್ತು ವಿಭಾಗವಿದೆ. ರಸ್ತೆಯ ಮೇಲಿನ ಈ ವಿದ್ಯೆ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಅಲ್ಲಿ ಎರಡು ವರ್ಷದ ಪೂರ್ಣ ತರಬೇತಿ ಆರಂಭಿಸಿ. ಕಲಿತವರಿಗೆ ಆರೋಗ್ಯ ಇಲಾಖೆಯಲ್ಲಿ ಕಾಯಂ ಹುದ್ದೆ ಕೊಡಿ, ಬಡ್ತಿಯ ದಾರಿ ಕೊಡಿ. ಅವರಿಲ್ಲದೆ, ಸರ್ಕಾರದ್ದಿರಲಿ ಖಾಸಗಿಯದ್ದಿರಲಿ, ರೋಗಿಯನ್ನು ಹೊತ್ತ ಯಾವ ಗಾಡಿಯೂ ಸೈರನ್ ಹಾಕಕೂಡದೆಂದು ನಿಯಮ ಮಾಡಿ.

ಓದುಗರಲ್ಲೂ ಒಂದು ಬೇಡಿಕೆ ಇದೆ. ನಿಮ್ಮ ಊರಿಗೆ ಹೊಸ ಆಂಬ್ಯುಲೆನ್ಸ್ ಬಂದು, ಶಾಸಕರೋ ಮಂತ್ರಿಗಳೋ ಹಸಿರು ಬಾವುಟ ಹಿಡಿದು ನಿಂತಾಗ ಗುಂಪಿನಲ್ಲಿ ಮುಂದೆ ಹೋಗಿ. ಗಾಡಿಯ ಹಿಂದಿನ ಬಾಗಿಲು ತೆಗೆಸಿ. ಇಲ್ಲಿ ಕೂರುವವರು ಯಾರು, ಏನು ಕಲಿತಿದ್ದಾರೆ, ಅವರಿಗೆ ಹೋದ ತಿಂಗಳ ಸಂಬಳ ಬಂದಿದೆಯೇ ಎಂದು ಅವರೆದುರಿಗೇ ಕೇಳಿ.